ಹಿತ್ತಲು ಬರಿದಾದರೆ ಸಾಲದ ಪುಸ್ತಕ ತುಂಬುತ್ತದೆ

(ಸಕಲೇಶಪುರದಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಗೆ ಬರುವ ಮುನ್ನ ಪೇಟೆಯ ಓರ್ವ ದಿನಸಿ ವ್ಯಾಪಾರಿಯೊಂದಿಗೆ ಮಾತನಾಡಿದೆ. ವರ್ಷದ ಯಾವ ತಿಂಗಳಲ್ಲಿ ನಿಮ್ಮ ಸಾಲದ ಪುಸ್ತಕ ಹೆಚ್ಚು ತುಂಬುತ್ತದೆ ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ. ಜುಲೈ ಮತ್ತು ಆಗಸ್ಟ್ ಎಂದರು. ಆ ಪುಸ್ತಕದಲ್ಲಿ ಹೆಸರಿರುವವರಲ್ಲಿ ಹೆಚ್ಚಿನವರು ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ಗಾರೆ ಕೆಲಸದವರು, ಬಣ್ಣ ಬಳಿಯುವವರು, ತಳ್ಳುಗಾಡಿಯವರು, ತೋಟದ ಲೈನ್ ಮನೆಗಳಲ್ಲಿ ವಾಸಿಸುವವರು. ಅಂದರೆ, ಬಹುಮಟ್ಟಿಗೆ ನಾವೇ.

ಇದರಲ್ಲಿ ಆಶ್ಚರ್ಯವೇನಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಕೆಲಸ ಕಡಿಮೆಯಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಟ್ಟಡದ ಕೆಲಸ ನಿಲ್ಲುತ್ತದೆ. ಬೀದಿ ವ್ಯಾಪಾರ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ತಾಲೂಕು ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಆ ಕೆಲವೇ ತಿಂಗಳುಗಳಲ್ಲಿ ಸುರಿಯುತ್ತದೆ. ಆದಾಯ ಇಳಿಯುವ ಅದೇ ಹೊತ್ತಿಗೆ ತರಕಾರಿಯ ಬೆಲೆ ಏರುತ್ತದೆ. ಹೀಗಿರುವಾಗ ಸಾಲವಾಗದೆ ಇನ್ನೇನಾದೀತು?

ಆದರೆ ನಾನು ಕೇಳಬಯಸುವ ಪ್ರಶ್ನೆ ಬೇರೆ. ಮಳೆ ಹೊಸದಲ್ಲ. ಬಡತನವೂ ಹೊಸದಲ್ಲ. ನಮ್ಮ ಅಜ್ಜಿಯಂದಿರು ಇದಕ್ಕಿಂತ ದೊಡ್ಡ ಮಳೆಯನ್ನು, ಇದಕ್ಕಿಂತ ದೊಡ್ಡ ಬಡತನವನ್ನು ಕಂಡವರು. ಅವರು ಜುಲೈ ತಿಂಗಳನ್ನು ಹೇಗೆ ದಾಟುತ್ತಿದ್ದರು?

ನಮ್ಮದೇ ಮನೆಯ ಸಂಗತಿಯನ್ನು ಹೇಳುತ್ತೇನೆ. ಆಲೂರು ಕಡೆಯ ನಮ್ಮ ಹಳೆಯ ಮನೆಯ ಹಿಂದೆ ಸುಮಾರು ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಿತ್ತಲಿತ್ತು. ಅಲ್ಲಿ ತಾಯಿಯವರು ಬಸಳೆಯ ಚಪ್ಪರ ಹಾಕುತ್ತಿದ್ದರು. ಬಚ್ಚಲ ನೀರು ಹರಿಯುವಲ್ಲಿ ಕೆಸು ಮತ್ತು ಬಾಳೆ, ಬೇಲಿಯ ಮೇಲೆ ಸೀಮೆಬದನೆ, ಮೂಲೆಯಲ್ಲಿ ಸುವರ್ಣಗೆಡ್ಡೆ. ಅಟ್ಟದ ತೊಲೆಗೆ ಬಾಳೆ ನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿಗಳು ಮಳೆಗಾಲದುದ್ದಕ್ಕೂ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಮಣ್ಣಿನ ಭರಣಿಯಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಇರುತ್ತಿತ್ತು. ಆ ಹಿತ್ತಲಿಗೆ ಸಿಮೆಂಟ್ ಹಾಕಿಸಿದವನು ನಾನೇ. ಕೆಸರಾಗುತ್ತದೆ, ಬೈಕ್ ನಿಲ್ಲಿಸಲು ಜಾಗವಿಲ್ಲ ಎಂಬುದು ನನ್ನ ವಾದ. ತಾಯಿಯವರು ಏನೂ ಹೇಳಲಿಲ್ಲ. ಬಸಳೆಯ ಎರಡು ತುಂಡು ಬಳ್ಳಿಗಳನ್ನು ಒಂದು ಡಬ್ಬಕ್ಕೆ ನೆಟ್ಟು ಜಗಲಿಯಲ್ಲಿಟ್ಟರು. 2020ರ ಮಾರ್ಚ್ 25ರಂದು ದೇಶವೇ ಮುಚ್ಚಿದಾಗ, ನಮ್ಮ ಮನೆಯಲ್ಲಿ ದುಡ್ಡು ಕೊಡದೆ ಸಿಗುತ್ತಿದ್ದ ಏಕೈಕ ತರಕಾರಿ ಆ ಡಬ್ಬದ ಬಸಳೆಯಾಗಿತ್ತು.

ಅಂದಿನಿಂದ ಈ ವಿಷಯವು ನನ್ನನ್ನು ಬಿಟ್ಟಿಲ್ಲ.

ಲಾರಿಗಳು ನಮ್ಮ ಮುಂದೆಯೇ ಹೋಗುತ್ತವೆ

ಬಯಲುಸೀಮೆಯ ತರಕಾರಿಯನ್ನು ಹೊತ್ತ ಲಾರಿಗಳು ಪ್ರತಿ ರಾತ್ರಿ ನಮ್ಮ ಊರಿನ ಮೂಲಕವೇ ಶಿರಾಡಿ ಘಾಟಿಯನ್ನಿಳಿದು ಕರಾವಳಿಗೆ ಹೋಗುತ್ತವೆ. ಆ ರಸ್ತೆ ಎಷ್ಟು ದುರ್ಬಲವೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಯೂ ಮುಚ್ಚಿತು, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗವೂ ಮುಚ್ಚಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಹೆದ್ದಾರಿಯ ಮೇಲೆ ಮಣ್ಣು ಬಿತ್ತು. ಅದೇ ತಿಂಗಳು ಎಡಕುಮೇರಿ ಕಡೆಯಲ್ಲಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ನಿಂತವು. ರಸ್ತೆ ಅಗಲವಾದಷ್ಟೂ ಊರು ಭದ್ರವಾಗುತ್ತದೆಂದು ನಂಬಿದ್ದೆವು. ಗುಡ್ಡವನ್ನು ನೇರವಾಗಿ ಕಡಿದು ರಸ್ತೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಮಳೆಯೇ ಹೇಳಿಕೊಟ್ಟಿತು.

ರಸ್ತೆ ತೆರೆದಿದ್ದರೂ ಬೆಲೆ ನಮ್ಮ ಕೈಯಲ್ಲಿಲ್ಲ. 1998ರಲ್ಲಿ ದಿಲ್ಲಿಯ ರಾಜ್ಯ ಸರಕಾರ ಸೋಲಲು ಈರುಳ್ಳಿಯ ಬೆಲೆಯೂ ಒಂದು ಕಾರಣವಾಗಿತ್ತು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅದೇ ಈರುಳ್ಳಿ ಕಿಲೋಗೆ 200 ರೂಪಾಯಿ ತಲುಪಿತು. 2023ರ ಜುಲೈಯಲ್ಲಿ ಟೊಮೆಟೊ ನೂರು ರೂಪಾಯಿಯನ್ನು ದಾಟಿತು. ಕೆಲವೇ ವಾರಗಳ ನಂತರ ಬೆಲೆ ಕುಸಿದು ಬೆಳೆದವನೇ ಕಂಗಾಲಾದ. ಏರಿದಾಗ ತಿನ್ನುವವನು ಅಳುತ್ತಾನೆ, ಇಳಿದಾಗ ಬೆಳೆಯುವವನು ಅಳುತ್ತಾನೆ. ಸರಕಾರಗಳು ಮಾತ್ರ ಚುನಾವಣೆ ಹತ್ತಿರವಿದ್ದರೆ ಎಚ್ಚೆತ್ತುಕೊಳ್ಳುತ್ತವೆ.

2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗೆ ಅಕ್ಕಿ ಬಂತು. ಅದು ಸಣ್ಣ ಸಂಗತಿಯಲ್ಲ, ಅದನ್ನು ಹೀಗಳೆಯುವವರೊಂದಿಗೆ ನಾನಿಲ್ಲ. ಆದರೆ ಪಡಿತರದ ಚೀಲದಲ್ಲಿ ಸೊಪ್ಪು ಬರುವುದಿಲ್ಲ. ಒಬ್ಬ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ಅದು ದಿನಕ್ಕೆ ಎರಡು ಕಿಲೋ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ಆಗುತ್ತಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಬರೀ ಅನ್ನ ಮತ್ತು ತಿಳಿಸಾರು ಇರುವುದು ಅವುಗಳಲ್ಲಿ ಒಂದು ಎಂಬುದನ್ನು ಅಲ್ಲಗಳೆಯಲಾಗದು.

ಇನ್ನೊಂದು ವಿಪರ್ಯಾಸವನ್ನು ನೋಡಿ. ಹಾಸನವೆಂದರೆ ಆಲೂಗಡ್ಡೆ ಎಂಬ ಕಾಲವಿತ್ತು. ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆ ತರಿಸಿ ಬೆಳೆದರು. ಅಂಗಮಾರಿ ರೋಗ ಬಂದು ಅನೇಕರು ಕೈಸುಟ್ಟುಕೊಂಡರು. ನಂತರ ಶುಂಠಿಯ ಕಾಲ ಬಂತು. ಆಲೂರಿನಲ್ಲಿ ಎಕರೆಗಟ್ಟಲೆ ಶುಂಠಿ ಹಾಕಿದ ರೈತನೂ ಸಂಜೆ ಪೇಟೆಗೆ ಬಂದು ಹುರುಳಿಕಾಯಿ ಕೊಳ್ಳುತ್ತಾನೆ. ಮಾರುಕಟ್ಟೆಗಾಗಿ ಬೆಳೆಯುವುದನ್ನು ಕಲಿತ ನಾವು ಮನೆಗಾಗಿ ಬೆಳೆಯುವುದನ್ನು ಮರೆತೆವು.

ಶಿರಸಿಯ ಮಹಿಳೆಯರು ಮಾಡಿದ್ದು

ಇದು ಹಳೆಯ ಕಾಲದ ಹಂಬಲವೆಂದು ಯಾರಾದರೂ ಭಾವಿಸಬಹುದು. ಅಲ್ಲ. ನಮ್ಮದೇ ಮಲೆನಾಡಿನ ಉತ್ತರ ಭಾಗದ ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರ ಮುಂದಾಳುತನದಲ್ಲಿ 'ವನಸ್ತ್ರೀ' ಎಂಬ ಮಹಿಳೆಯರ ಕೂಟ ಆರಂಭವಾಯಿತು. ಹಿತ್ತಲಿನ ಬೀಜಗಳನ್ನು ಉಳಿಸುವುದು ಮತ್ತು ಒಬ್ಬರಿಗೊಬ್ಬರು ಹಂಚಿಕೊಳ್ಳುವುದು ಅದರ ಕೆಲಸ. ಮಳೆಗಾಲದ ಆರಂಭದಲ್ಲಿ ಅವರು ನಡೆಸುವ ಮಲೆನಾಡು ಮೇಳದಲ್ಲಿ ಬೀಜ, ಗೆಡ್ಡೆ, ಬಳ್ಳಿಗಳು ಕೈಯಿಂದ ಕೈಗೆ ಹೋಗುತ್ತವೆ. ಹಲಸಿನ ವಿಷಯದಲ್ಲಿ ಕಾಸರಗೋಡಿನ ಪತ್ರಕರ್ತ ಶ್ರೀ ಪಡ್ರೆಯವರು ಪುತ್ತೂರಿನ 'ಅಡಿಕೆ ಪತ್ರಿಕೆ'ಯಲ್ಲಿ ವರ್ಷಗಟ್ಟಲೆ ಬರೆದರು. ನಾವು ಕೊಳೆಯಲು ಬಿಡುವ ಹಣ್ಣನ್ನು ಕೇರಳವು 2018ರಲ್ಲಿ ತನ್ನ ರಾಜ್ಯ ಫಲವೆಂದು ಘೋಷಿಸಿತು. ಅದೇ ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳೆಯರು ಗುಂಪುಗಳಾಗಿ ಬೀಳು ಭೂಮಿಯನ್ನು ಗೇಣಿಗೆ ಪಡೆದು ತರಕಾರಿ ಬೆಳೆದರು. ದೂರದ ಕ್ಯೂಬಾದಲ್ಲಿ, 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಆಹಾರ ಮತ್ತು ಇಂಧನದ ಆಮದು ಕಡಿದುಹೋದಾಗ, ಹವಾನಾ ನಗರದ ಖಾಲಿ ನಿವೇಶನಗಳು ತರಕಾರಿ ತೋಟಗಳಾದವು.

ನಮ್ಮ ಸಮುದಾಯಕ್ಕೆ ಮಣ್ಣು ಅಪರಿಚಿತವೇ? ಮದೀನದ ಅನ್ಸಾರ್‌ಗಳು ಖರ್ಜೂರದ ತೋಟದವರು. ಮಕ್ಕಾದಿಂದ ಬಂದ ಮುಹಾಜಿರ್‌ಗಳು ಬಹುಪಾಲು ವ್ಯಾಪಾರಿಗಳು. ಅನ್ಸಾರ್‌ಗಳು ತೋಟವನ್ನೇ ಹಂಚಲು ಮುಂದಾದಾಗ ಪ್ರವಾದಿ(ಸ) ಅದನ್ನು ಒಪ್ಪಲಿಲ್ಲ. ಮುಹಾಜಿರ್‌ಗಳು ತೋಟದಲ್ಲಿ ದುಡಿದು ಫಲದಲ್ಲಿ ಪಾಲು ಪಡೆಯುವ ಏರ್ಪಾಡಾಯಿತು. ವ್ಯಾಪಾರಿಗಳ ಕೈಗೂ ಮಣ್ಣು ಹತ್ತಿತು. ಗಿಡ ನೆಟ್ಟವನಿಗೆ ಅದರಿಂದ ಹಕ್ಕಿ ತಿಂದದ್ದೂ ದಾನವಾಗುತ್ತದೆಂಬ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಆದರೆ ಹೇಳಿ ಮನೆಗೆ ಹೋಗಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತೇವೆ.

ಮಳೆಗಾಲದ ಅಡುಗೆ ಬೇಸಿಗೆಯಲ್ಲಿ

ಇನ್ನು ಮಾಡಬೇಕಾದುದೇನು ಎಂಬುದಕ್ಕೆ ಬರುತ್ತೇನೆ. ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ಹತ್ತು-ಇಪ್ಪತ್ತು ಅಡಿಯ ಹಿತ್ತಲಿನಿಂದ ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಸಿಗದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯನ್ನು ಕೊಳ್ಳಲೇಬೇಕು. ಎಲ್ಲವನ್ನೂ ಬೆಳೆಯುತ್ತೇನೆಂದು ಹೊರಟವರು ಎರಡನೇ ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ದಿನಕ್ಕೊಂದು ಸೊಪ್ಪು, ವಾರಕ್ಕೆ ಮೂರ್ನಾಲ್ಕು ದಿನ ಮನೆಯದೇ ಕಾಯಿ ಮತ್ತು ಮಳೆಗಾಲದ ಮೂರು ತಿಂಗಳಿಗೆ ಅಟ್ಟದಲ್ಲೊಂದಿಷ್ಟು ದಾಸ್ತಾನು. ಇಷ್ಟೇ ಗುರಿ ಇರಲಿ. ಸಾಲದ ಪುಸ್ತಕದ ಹೊರೆ ತಗ್ಗಲು ಇಷ್ಟು ಸಾಕು.

ಕಾಫಿ ಸೀಮೆಯ ಮಣ್ಣು ಹುಳಿ. ಎಷ್ಟು ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲವೆಂದು ಅನೇಕರು ದೂರುತ್ತಾರೆ. ನಾಟಿಗೆ ಎರಡು-ಮೂರು ವಾರ ಮುಂಚೆ ಚದರ ಗಜಕ್ಕೊಂದು ಹಿಡಿಯಂತೆ ಕೃಷಿ ಸುಣ್ಣವನ್ನು ಮಣ್ಣಿಗೆ ಬೆರೆಸಿರಿ. ಮಡಿಯನ್ನು ನೆಲದಿಂದ ಒಂದಡಿ ಎತ್ತರಿಸಿ, ಸುತ್ತ ಬಸಿಗಾಲುವೆ ತೆಗೆಯಿರಿ. ಮಲೆನಾಡಿನಲ್ಲಿ ಗಿಡಗಳು ಸಾಯುವುದು ನೀರಿಲ್ಲದೆ ಅಲ್ಲ, ಬೇರಿನ ಬಳಿ ನೀರು ನಿಂತು.

ಕಾಲವನ್ನು ಅನುಸರಿಸಿ ಬೆಳೆಯಿರಿ. ಮಳೆಗಾಲದಲ್ಲಿ ಟೊಮೆಟೊ ಬೆಳೆಯಲು ಹೋಗಿ ನಿರಾಶರಾಗಬೇಡಿ. ಆ ಕಾಲಕ್ಕೆ ಬಸಳೆ, ಕೆಸು, ಸೀಮೆಬದನೆ, ಸುವರ್ಣಗೆಡ್ಡೆ, ಒಂದೆಲಗ ಇವೆ. ಸೆಪ್ಟೆಂಬರ್ ಕೊನೆಗೆ ಮಳೆ ತಗ್ಗಿದಾಗ ಹುರುಳಿಕಾಯಿ, ಬದನೆ, ಟೊಮೆಟೊ, ಮೂಲಂಗಿ, ಹರಿವೆ, ಮೆಣಸಿನಕಾಯಿಯ ಸರದಿ. ಜನವರಿ-ಫೆಬ್ರವರಿಯಲ್ಲಿ ನೀರಿನ ಆಸರೆ ಇರುವವರು ಸೌತೆ, ಬೂದುಗುಂಬಳ, ಸಿಹಿಗುಂಬಳ ಬಿತ್ತಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಲಿತ ಈ ಕಾಯಿಗಳೇ ಮಳೆಗಾಲದ ಬಂಡವಾಳ. ತೊಟ್ಟು ಉಳಿಸಿ ಕೊಯ್ದು, ಗಾಯವಾಗದಂತೆ, ಒಂದಕ್ಕೊಂದು ತಾಗದಂತೆ ಗಾಳಿಯಾಡುವಲ್ಲಿ ತೂಗುಹಾಕಿದರೆ ಸೌತೆ ತಿಂಗಳುಗಳ ಕಾಲ ಉಳಿಯುತ್ತದೆ. ಬೂದುಗುಂಬಳದ ಮೇಲಿನ ಬಿಳಿಯ ಬೂದಿಯನ್ನು ಒರೆಸಬೇಡಿ. ಅದೇ ಅದರ ರಕ್ಷಾಕವಚ.

ಒಣಗಿಸುವ ಕೆಲಸಕ್ಕೆ ನಮಗೆ ಸಿಗುವುದು ಫೆಬ್ರವರಿಯಿಂದ ಮೇವರೆಗಿನ ಬಿಸಿಲು ಮಾತ್ರ. ಜೂನ್ ಬಂದರೆ ಬಟ್ಟೆಯೇ ಒಣಗದು. ಬೆಂಡೆ, ಗೋರಿಕಾಯಿ, ಹಾಗಲವನ್ನು ಹೆಚ್ಚಿ, ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ ಅದ್ದಿ ತೆಗೆದು, ತೆಳು ಬಟ್ಟೆ ಮುಚ್ಚಿ ಒಣಗಿಸಿರಿ. ಬೆರಳಲ್ಲಿ ಮುರಿದರೆ ಪಟ್ಟೆಂದು ಮುರಿಯಬೇಕು. ಮೆತ್ತಗಿದ್ದರೆ ಬೂಷ್ಟು ಖಂಡಿತ. ಮಜ್ಜಿಗೆ ಮೆಣಸಿನಕಾಯಿ, ಕುಂಬಳದ ಸಂಡಿಗೆ, ಹಲಸಿನ ಹಪ್ಪಳದ ವಿದ್ಯೆ ಇನ್ನೂ ನಮ್ಮ ಹಿರಿಯರ ಕೈಯಲ್ಲಿದೆ. ಅವರು ಬದುಕಿರುವಾಗಲೇ ಅದನ್ನು ಕಲಿಯಿರಿ.

ಹಲಸಿನ ಬಗ್ಗೆ ಎರಡು ಮಾತು. ಬಲಿತ, ಆದರೆ ಹಣ್ಣಾಗದ ಸೊಳೆಯನ್ನು ಪದರಪದರವಾಗಿ ಕಲ್ಲುಪ್ಪಿನೊಂದಿಗೆ ಭರಣಿಗೆ ತುಂಬಿ, ಮೇಲೆ ಭಾರವಿಟ್ಟು, ಸೊಳೆ ಸದಾ ಉಪ್ಪುನೀರಿನೊಳಗೆ ಮುಳುಗಿರುವಂತೆ ನೋಡಿಕೊಳ್ಳಬೇಕು. ಅಡುಗೆಗೆ ಮುನ್ನ ಕೆಲವು ಗಂಟೆ ನೆನೆಸಿ, ನೀರನ್ನು ಎರಡು-ಮೂರು ಬಾರಿ ಬದಲಿಸಬೇಕು. ರಕ್ತದೊತ್ತಡವಿರುವವರು ಇದನ್ನು ಮಿತವಾಗಿ ತಿನ್ನಲಿ. ಎರಡನೆಯದು, ಆನೆ. ಮರದಲ್ಲಿ ಹಲಸು ಹಣ್ಣಾಗಿ ಪರಿಮಳ ಹರಡಿದರೆ ಆನೆ ಬರುತ್ತದೆ ಎಂಬುದನ್ನು ಆಲೂರು, ಸಕಲೇಶಪುರದ ತೋಟದವರು ಬಲ್ಲರು. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. ಬೆಳಗಿನ ಜಾವ ಕೆಲಸಕ್ಕೆ ಹೋದ ಕಾರ್ಮಿಕರು ಜೀವ ತೆತ್ತಿದ್ದಾರೆ. ಮನೆಯ ಹತ್ತಿರದ ಮರದ ಕಾಯಿಗಳನ್ನು ಎಳೆಯದಿರುವಾಗಲೇ ಇಳಿಸಿ ಬಳಸಿರಿ. ಇದರಿಂದ ಆನೆಯ ಸಮಸ್ಯೆ ಮುಗಿಯದು, ಅದಕ್ಕೆ ಸರಕಾರವೇ ಉತ್ತರ ಕೊಡಬೇಕು. ಆದರೆ ನಮ್ಮ ಅಂಗಳಕ್ಕೆ ನಾವೇ ಆಹ್ವಾನ ಕೊಡುವುದಾದರೂ ತಪ್ಪುತ್ತದೆ.

ಒಂದು ಎಚ್ಚರಿಕೆ. ಮೊಬೈಲ್‌ನಲ್ಲಿ ನೋಡಿ ಬೇಯಿಸಿದ ಬೀನ್ಸ್, ಬಟಾಣಿಗಳನ್ನು ಬಾಟಲಿಗೆ ಹಾಕಿ ಮುಚ್ಚಿಡುವ ಸಾಹಸ ಬೇಡ. ಹುಳಿಯಿಲ್ಲದ ತರಕಾರಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬೊಟುಲಿಸಂ ಎಂಬ ರೋಗವನ್ನು ತರುವ ಮಾರಕ ವಿಷ ಉಂಟಾಗಬಹುದು. ಅದು ವಾಸನೆಯಿಂದಲೂ ರುಚಿಯಿಂದಲೂ ಗೊತ್ತಾಗದಿರಬಹುದು. ಉಪ್ಪು, ಹುಳಿ, ಬಿಸಿಲು ಈ ಮೂರನ್ನು ನಂಬಿರಿ. ಕಳಲೆಯನ್ನೂ ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಿಸುತ್ತ ವಿಷದಂಶ ತೆಗೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಅದೂ ಸ್ವಂತ ಹಿತ್ತಲಿನ ಬಿದಿರಿನದ್ದಾಗಿರಲಿ. ಮೀಸಲು ಅರಣ್ಯದಿಂದ ಕಡಿಯುವುದು ಅಪರಾಧ.

ಬೀಜಕ್ಕಾಗಿ ಪ್ರತಿ ವರ್ಷ ಅಂಗಡಿಗೆ ಹೋಗುವುದಾದರೆ ಅದು ಸ್ವಾವಲಂಬನೆಯಲ್ಲ. ಹೈಬ್ರಿಡ್ ಬೀಜದ ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ. ಆದ್ದರಿಂದ ಊರಿನ ತಳಿಗಳನ್ನು ಹುಡುಕಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿಯಂತಹ ತಳಿಗಳ ಬೀಜವನ್ನು ನಾವೇ ಉಳಿಸಿಕೊಳ್ಳಬಹುದು. ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಹೋಗಿ ಕೇಳುವುದು ನಮ್ಮ ಹಕ್ಕು. ಗಿಡದಲ್ಲೇ ಚೆನ್ನಾಗಿ ಬಲಿತ ಕಾಯಿಯನ್ನು ಬೀಜಕ್ಕೆ ಬಿಟ್ಟು, ನೆರಳಲ್ಲಿ ಒಣಗಿಸಿ, ಬೂದಿಯೊಂದಿಗೆ ಬೆರೆಸಿ ಮುಚ್ಚಿಡಿ.

ಮೂರು ಬೇಡಿಕೆಗಳು

ಕೊನೆಯದಾಗಿ ಮೂರು ವರ್ಗದವರಲ್ಲಿ ಮೂರು ಬೇಡಿಕೆಗಳಿವೆ.

ಮನೆಯ ಪುರುಷರಲ್ಲಿ: ಈ ಭಾಷಣವನ್ನು ಕೇಳಿ ಮನೆಗೆ ಹೋಗಿ ಪತ್ನಿಗೆ ಆದೇಶ ಕೊಡಬೇಡಿ. ಅವರ ದಿನ ಈಗಾಗಲೇ ತುಂಬಿದೆ. ಗುದ್ದಲಿ ಹಿಡಿದು ಮಡಿ ಮಾಡುವುದು, ನೀರು ಹೊರುವುದು, ಚಪ್ಪರ ಕಟ್ಟುವುದು ನಿಮ್ಮ ಪಾಲಿಗಿರಲಿ. ಜುಲೈಯಲ್ಲಿ ಕೆಲಸವಿಲ್ಲವೆಂದು ಅಂಗಡಿ ಜಗಲಿಯಲ್ಲಿ ಕೂರುವ ಸಮಯ ನಿಮಗಿದೆ.

ತೋಟದ ಮಾಲಕರಲ್ಲಿ: ನಿಮ್ಮ ನೂರು ಎಕರೆಯಲ್ಲಿ ಪ್ರತಿ ಲೈನ್ ಮನೆಗೆ ನಾಲ್ಕು ಮಡಿಯಷ್ಟು ಜಾಗವನ್ನು ಬಿಟ್ಟುಕೊಡಿ. ಕಾಫಿಯ ಇಳುವರಿ ಅದರಿಂದ ಕಡಿಮೆಯಾಗದು. ನಿಮ್ಮ ಹಣ್ಣನ್ನು ಕೊಯ್ಯುವ ಕೈಗಳಲ್ಲಿ ರಕ್ತವಿರುತ್ತದೆ.

ಮಸೀದಿಯ ಆಡಳಿತ ಸಮಿತಿಯವರಲ್ಲಿ: ದಿನಕ್ಕೆ ಐದು ಬಾರಿ ವುಝೂ ಮಾಡಿದ ನೀರು ಚರಂಡಿಗೆ ಹರಿಯುತ್ತಿದೆ. ಅದರಲ್ಲಿ ಸೋಪಿಲ್ಲ. ಒಂದು ಸಣ್ಣ ಕಾಲುವೆಯಿಂದ ಬೇಸಿಗೆಯಲ್ಲೂ ಅಲ್ಲೊಂದು ಬಸಳೆ ಚಪ್ಪರ, ನಾಲ್ಕು ಬಾಳೆ ಬೆಳೆಯಬಹುದು. ಇಸ್ರಾಫ್ ಬಗ್ಗೆ ಮಿಂಬರ್‌ನಿಂದ ಹೇಳುವ ಮಾತಿಗೆ ಅಂಗಳದಲ್ಲೇ ಸಾಕ್ಷಿ ಸಿಗುತ್ತದೆ. ಮದ್ರಸದ ಮಕ್ಕಳು ಅದನ್ನು ನೋಡಿಕೊಳ್ಳಲಿ. ಕೊಯ್ದದ್ದು ಮೊಹಲ್ಲಾದ ವಿಧವೆಯರ, ರೋಗಿಗಳ ಮನೆಗೆ ಹೋಗಲಿ. ಧರ್ಮ ಕೇಳಿ ಕೊಡಬೇಡಿ. ಹಸಿದ ನೆರೆಯವನು ನೆರೆಯವನೇ.

ಸ್ವಾವಲಂಬನೆಯೆಂದರೆ ಯಾರ ಹಂಗೂ ಇಲ್ಲದೆ ಬಾಗಿಲು ಹಾಕಿಕೊಂಡು ತಿನ್ನುವುದು ಎಂದು ತಿಳಿಯಬೇಡಿ. ಸೀಮೆಬದನೆಯ ಒಂದು ಬಳ್ಳಿ ಕಾಯಿ ಬಿಡಲಾರಂಭಿಸಿದರೆ ಒಂದು ಮನೆಯವರಿಂದ ತಿಂದು ಮುಗಿಸಲಾಗದು. ಅದು ಹಂಚಿಕೊಂಡೇ ತಿನ್ನಬೇಕಾದ ಬೆಳೆ. ಇಷ್ಟು ವರ್ಷ ಪಡೆಯುವ ಕೈಯಾಗಿದ್ದ ಮನೆಯೊಂದು ಕೊಡುವ ಕೈಯಾಗಲು ಅಷ್ಟು ಸಣ್ಣ ಬಳ್ಳಿ ಸಾಕಾಗುತ್ತದೆ.

ನಮ್ಮ ಮನೆಯ ಹಿಂದಿನ ಸಿಮೆಂಟನ್ನು ನಾನು ಒಡೆಸಿದ್ದೇನೆ. ತಾಯಿಯವರು ಇಂದು ಇಲ್ಲ. ಡಬ್ಬದ ಆ ಬಸಳೆ ಈಗ ನೆಲದಲ್ಲಿದೆ. ಅದರ ಬಳ್ಳಿಯ ತುಂಡುಗಳನ್ನು ಇಂದು ಒಂದು ಚೀಲದಲ್ಲಿ ತಂದಿದ್ದೇನೆ. ಹೋಗುವಾಗ ಒಂದೊಂದನ್ನು ತೆಗೆದುಕೊಂಡು ಹೋಗಿರಿ. ಬರುವ ಜುಲೈಯಲ್ಲಿ ಆ ದಿನಸಿ ವ್ಯಾಪಾರಿಯ ಬಳಿಗೆ ಮತ್ತೆ ಹೋಗುತ್ತೇನೆ, ಅದೇ ಪ್ರಶ್ನೆಯನ್ನು ಕೇಳುತ್ತೇನೆ. ಅವರು ಕ್ಷಣಕಾಲ ಯೋಚಿಸಿ ಉತ್ತರಿಸುವಂತಾದರೆ, ಇಂದಿನ ಈ ಸಭೆ ಸಾರ್ಥಕವಾಯಿತೆಂದು ಭಾವಿಸುತ್ತೇನೆ.